ಸೀಸದ ಮೇಲಿನ ಉಗುರು ಗುರುತು

1953ರ ನವೆಂಬರ್ 18, ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ ಮಸ್ಕಿಯ ದೊಡ್ಡಬಸಪ್ಪ ದೇಸಾಯರ ಗುಮಾಸ್ತ ಲಿಂಗಸುಗೂರು ಠಾಣೆಗೆ ಬಂದು ಲಿಖಿತ ಫಿರ್ಯಾದಿ ಕೊಟ್ಟ. ದೇಸಾಯರ ವಾಡೆಯ ಬಂದೂಕಿನ ಕೋಣೆಯಿಂದ ಒಂದು ತ್ರೀ ಸೆವೆಂಟಿಫೈವ್ ಮ್ಯಾಗ್ನಮ್ ರೈಫಲ್ಲು, ಅದರ ಆರು ಕಾಡತೂಸು ಹಿಂದಿನ ದಿನ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದರೊಳಗೆ ಕಳುವಾಗಿದ್ದವು. ಅದೇ ಮಧ್ಯಾಹ್ನ ವಳಕಮದಿನ್ನಿಯ ಗೇಣಿದಾರ ನರಸಣ್ಣ ವಾಡೆಗೆ ಬಂದು ಹೊಲದ ವಿಷಯಕ್ಕೆ ಜಗಳಾಡಿ ಹೋಗಿದ್ದ. ಬಂದೂಕು ಒಯ್ದವನು ಅವನೇ, ಒಯ್ದದ್ದು ತಮ್ಮ ಎದೆಗೆ ಗುರಿಯಿಡಲಿಕ್ಕೆ ಎಂದು ದೇಸಾಯರು ಕೈಯಾರೆ ಬರೆದಿದ್ದರು.

ಇನ್ಸ್‌ಪೆಕ್ಟರ್ ಸೂಗಪ್ಪ ಅವಸರದ ಮನುಷ್ಯರಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ವೇಳೆ ಬರೆದುಕೊಂಡು ಆಮೇಲೆ ನೀರು ಹುಡುಕುತ್ತಾರೆ ಎಂದು ಠಾಣೆಯ ಪೇದೆಗಳು ಅವರ ಬೆನ್ನ ಹಿಂದೆ ನಗುತ್ತಿದ್ದರು. ಹತ್ತೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಅದರ ಶಾಯಿ ಆರುವ ಮೊದಲೇ ಡಿಎಸ್‌ಪಿ ಸಾಹೇಬರ ಚೀಟಿಯೂ ಬಂತು. ದೇಸಾಯರು ಅಲ್ಲಿಗೂ ಆಳು ಕಳಿಸಿದ್ದರು. ಶುಕ್ರವಾರ ಸಂಜೆ ಆರರೊಳಗೆ ಬಂದೂಕು ಸಿಗದಿದ್ದರೆ ನರಸಣ್ಣನನ್ನು ವಿಚಾರಣೆಯಿಲ್ಲದೆ ಒಳಗಿಡುವ ಕಾಯಿದೆಯಡಿ ರಾಯಚೂರಿಗೆ ರವಾನಿಸಬೇಕು ಎಂಬುದು ಹುಕುಂ. ಗೇಣಿ ಹೊಲದ ಹಕ್ಕಿನ ಕಾಗದ ನರಸಣ್ಣನ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವನು ಒಳಗೆ ಹೋದರೆ ಆ ಹೊಲ ಅವನ ಕೈಬಿಟ್ಟಂತೆಯೇ ಎಂದು ಸೂಗಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಅವರು ಜಮಾದಾರ ರಾಜೇಸಾಬರೊಂದಿಗೆ ಮಸ್ಕಿಯ ವಾಡೆಯಲ್ಲಿದ್ದರು. ಇಬ್ಬರು ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಶುರುಮಾಡಿದರು. ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿಕೈ ಕಚೇರಿಯ ಮೊಳೆಯಲ್ಲಿ ಎಂದಿನಂತೆ ನೇತಾಡುತ್ತಿತ್ತು. ಗೋಡೆಯ ಗೂಟಗಳ ಮೇಲೆ ಜೋಡುನಳಿಗೆಯ ಭಾರಿ ರೈಫಲ್ಲು, ಸೀಸದ ಸಣ್ಣ ಕಾಳು ಸಿಡಿಸುವ ಛರ್ರೆಯ ಬಂದೂಕು, ಹಕ್ಕಿ ಹೊಡೆಯುವ ಸಣ್ಣ ರೈಫಲ್ಲು ಹಾಗೇ ಇದ್ದವು. ನಡುವಿನ ಗೂಟ ಖಾಲಿಯಾಗಿತ್ತು. ಕೆಳಗೆ ಒಂದು ಟಿನ್ನಿನ ಡಬ್ಬಿ. ಕಾಡತೂಸಿನ ರಟ್ಟಿನ ಪೆಟ್ಟಿಗೆಗಳನ್ನು ಗೆದ್ದಲು ತಿಂದುಹಾಕಿದ ಮೇಲೆ ಎಲ್ಲವನ್ನೂ ಈ ಒಂದೇ ಡಬ್ಬಿಗೆ ತುಂಬಿದ್ದರಂತೆ.

ಡಬ್ಬಿಯಲ್ಲಿದ್ದುದನ್ನು ಸೂಗಪ್ಪ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಎರಡು ಜಾತಿಯವು ಬೆರೆತಿದ್ದವು. ಕೆಲವಕ್ಕೆ ಮೂತಿಯವರೆಗೂ ಹೊಳೆಯುವ ಲೋಹದ ಕವಚವಿತ್ತು. ಐದಕ್ಕೆ ಮಾತ್ರ ತುದಿಯಲ್ಲಿ ಬೂದು ಬಣ್ಣದ ಸೀಸ ಹೊರಗೆ ಕಾಣುತ್ತಿತ್ತು. ಇವೆರಡರ ಫರಕು ಏನೆಂದು ಕೇಳಿದಾಗ ದೇಸಾಯರ ಸಿಟ್ಟು ತಾನೇ ಇಳಿಯಿತು. ಮಗಳ ಗುಣ ಹೇಳುವ ತಂದೆಯ ಹಾಗೆ ಅವರು ಕುಳಿತುಕೊಂಡು ಮಾತಿಗಿಳಿದರು.

"ಅದು ಒಂದ ಬಂದೂಕಲ್ರಿ, ಮೂರು ಬಂದೂಕು," ಎಂದರು. "ಹಗುರ ಗುಂಡು ಹಾಕಿದ್ರ ಚಿಗರಿಗೆ ಸೈ. ನಡುವಿನ ತೂಕದ್ದು, ಸೀಸದ ಮೂತೀದು, ಹುಲಿ ಕರಡಿಗೆ. ಅದು ಮೈಯಾಗ ಹೊಕ್ಕಿಂದ ಹೂವಿನಂಗ ಅರಳತೈತಿ, ಪ್ರಾಣಿ ಅಲ್ಲೇ ಕುಂದರತೈತಿ. ಕವಚದ್ದು ಕಾಡುಕೋಣಕ್ಕ. ಎಲುಬು ಸೀಳಿ ನೆಟ್ಟಗ ಹೋಗತೈತಿ, ಅರಳಂಗಿಲ್ಲ. ಮೂರೂ ಗುಂಡು ಒಂದ ಗುರಿಗೆ ಬಡೀತಾವ್ರಿ. ಅಂಥ ಕಾಡತೂಸು ಮತ್ತೊಂದಿಲ್ಲ."

ಕೇಳುತ್ತ ಕೇಳುತ್ತ ಸೂಗಪ್ಪನವರಿಗೂ ಆ ಹಿತ್ತಾಳೆಯ ಕೊಳವೆಯ ಮೇಲೆ ಗೌರವ ಹುಟ್ಟಿತು. ಇಷ್ಟು ಲೆಕ್ಕಾಚಾರ ಇಷ್ಟು ಸಣ್ಣ ವಸ್ತುವಿನಲ್ಲಿ ಅಡಗಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಕಳುವಾದ ಆರು ಯಾವ ಜಾತಿಯವು ಎಂದು ಕೇಳಿದರು. ದೇಸಾಯರು ಲೈಸನ್ಸ್ ಪುಸ್ತಕ ತೆರೆದು ತಾಳೆ ನೋಡಿ, ಆರೂ ಸೀಸದ ಮೂತಿಯವು ಎಂದರು.

"ಮನಷ್ಯಾನ ಹೊಡ್ಯಾಕ ಯಾವ್ದು ಬೇಕ್ರಿ?"

"ಮನಷ್ಯಾಗ ಯಾವ್ದಾದ್ರೂ ಸಾಕು. ಛರ್ರೆ ಬಂದೂಕ ಸಾಕು."

"ಹಂಗಾದ್ರ ನಿಮ್ಮ ಎದಿಗೆ ಬಂದಾಂವ ಇಷ್ಟು ಹೊತ್ತು ಕುಂತು ಯಾಕ ಆರಿಸ್ಯಾನ್ರಿ?"

ದೇಸಾಯರು ಪುಸ್ತಕ ಮುಚ್ಚಿಟ್ಟರು. ಸೂಗಪ್ಪ ಉಳಿದ ಐದು ಮೆತ್ತನೆ ಮೂತಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪ್ರತಿಯೊಂದರ ಸೀಸದ ಮೇಲೂ ಎಳೆಚಂದ್ರನಂಥ ಸಣ್ಣ ಗೀರು, ಹೆಬ್ಬೆರಳಿನ ಉಗುರು ಒತ್ತಿದ್ದು. ಹಳೆಯ ಸೀಸ ಮಂಕಾಗಿತ್ತು, ಗೀರಿನ ಒಳಗೆ ಮಾತ್ರ ಹೊಸ ಹೊಳಪು. ಅದನ್ನು ಪಂಚನಾಮೆಯಲ್ಲಿ ಬರೆಸಿ, ಎರಡೂ ಜಾತಿಯ ಒಂದೊಂದು ಕಾಡತೂಸನ್ನು ಬೇರೆಯಾಗಿ ಇಟ್ಟುಕೊಂಡು, ಡಬ್ಬಿಯನ್ನು ಮೊಹರು ಮಾಡಿಸಿ, ಪಂಚರ ಸಹಿ ಪಡೆದರು.

ಕಳುವು ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆಗೆ ದೇಸಾಯರು ಮೀಸೆ ತಿರುವುತ್ತ ಉತ್ತರ ಕೊಟ್ಟರು. ಆ ರೈಫಲ್ಲನ್ನು ಕಾಲುವೆ ಕೆಲಸದ ಒಬ್ಬ ಗುತ್ತಿಗೆದಾರನಿಗೆ ಕೊಟ್ಟುಬಿಡಬೇಕೆಂದು ಮಂಗಳವಾರ ಸಂಜೆ ಕೋಣೆ ತೆರೆಸಿದ್ದರಂತೆ. ನವೆಂಬರ್ ಏಳರಂದು ಗುರುಗುಂಟಾದ ಗುಡ್ಡದಲ್ಲಿ ಅರವತ್ತು ಹೆಜ್ಜೆ ದೂರದ ಕರಡಿಗೆ ಗುಂಡು ಹಾರಿಸಿದ್ದರು. ಅದು ಬೀಳದೆ ಪೊದೆಗೆ ನುಗ್ಗಿ ಮಾಯವಾಯಿತು. ಐದು ದಿನದ ಮೇಲೆ ಆ ಕರಡಿ ಅದೇ ಗುಡ್ಡದಲ್ಲಿ ಸೀತಾಫಲ ಕೀಳಲು ಹೋದ ಗದ್ದೆಮ್ಮ ಎಂಬುವಳ ಮೇಲೆ ಎರಗಿ ಮುಖ ಹರಿದಿತ್ತು. ಗುರುಗುಂಟಾದ ಪಟೇಲರ ಆ ವರದಿಯನ್ನು ಠಾಣೆಯ ದಿನಚರಿಗೆ ಸೂಗಪ್ಪನವರೇ ಬರೆದುಕೊಂಡಿದ್ದರು.

"ನನ್ನ ಕೈ ಹೋತ್ರಿ," ಎಂದು ದೇಸಾಯರು ನೆಲ ನೋಡುತ್ತ ಹೇಳಿದರು. "ಕೈ ನಡುಗಾವ ಬಂದೂಕು ಇಟ್ಕೋಬಾರದು."

ಅವತ್ತು ಜೊತೆಗಿದ್ದವನು ಅವರ ಹಳೆಯ ಶಿಕಾರಿ ಹಸನ್‌ಸಾಬ್. ಅರವತ್ತರ ಹತ್ತಿರದವನು. ದೇಸಾಯರ ತಂದೆಯ ಕಾಲದಿಂದ ಬಂದೂಕು ತೊಳೆಯುವವನು, ಗುಂಡು ಆರಿಸಿ ತುಂಬಿ ಕೊಡುವವನು ಅವನೇ. ಈಗ ಎಲ್ಲಿ ಎಂದರೆ, ಸಿಂಧನೂರಿನಲ್ಲಿರುವ ಮಗಳು ಇಮಾಮ್‌ಬೀಯನ್ನು ನೋಡಿ ಬರುತ್ತೇನೆಂದು ಮಂಗಳವಾರ ರಜೆ ಕೇಳಿ ಹೋಗಿದ್ದ. ಅವನ ಮೇಲೆ ಸಂಶಯವೇ ಎಂದು ಸೂಗಪ್ಪ ಕೇಳಿದ್ದಕ್ಕೆ ದೇಸಾಯರಿಗೆ ನಗು ಬಂತು. ಕದಿಯುವುದಿದ್ದರೆ ನಲವತ್ತು ವರ್ಷ ಕಾಯಬೇಕಿತ್ತೇ ಎಂದರು.

ಗುರುವಾರ ಬೆಳಿಗ್ಗೆ ರಾಜೇಸಾಬ್ ಸಿಂಧನೂರಿನ ಬಸ್ಸು ಹತ್ತಿದರು. ಇತ್ತ ವಳಕಮದಿನ್ನಿಯಿಂದ ನರಸಣ್ಣನನ್ನು ಕರೆತಂದರು. ಜಗಳಾಡಿದ್ದು ನಿಜ, ಬಂದೂಕಿನ ಕೋಣೆ ಎಲ್ಲಿದೆಯೆಂದೂ ಗೊತ್ತಿಲ್ಲ ಎಂದು ಅವನು ಹೇಳಿದ. ಹೆದರಿದ್ದ, ಆದರೆ ತಲೆ ತಗ್ಗಿಸಲಿಲ್ಲ. ಸೂಗಪ್ಪ ಮೇಜಿನ ಮೇಲೆ ಎರಡು ಕಾಡತೂಸು ಇಟ್ಟರು.

"ಇವೆರಡರಾಗ ಫರಕೇನೈತಿ?"

"ಒಂದರ ಮೂತಿ ಬೂದಿ ಬಣ್ಣ ಐತ್ರಿ. ಇನ್ನೊಂದು ಹೊಳಿತೈತಿ."

"ಮುಟ್ಟಿ ನೋಡಂಗಿಲ್ಲೇನು?"

"ಕಣ್ಣಿಗೆ ಕಾಣಾಕತ್ತೈತಲ್ರಿ, ಕೈ ಯಾಕ?"

ಸೂಗಪ್ಪ ಬರೆಯುತ್ತಿದ್ದ ಲೇಖನಿ ಕೆಳಗಿಟ್ಟರು. ಕಣ್ಣಿದ್ದ ಯಾರಿಗಾದರೂ ಒಂದು ನೋಟ ಸಾಕು. ಹಾಡುಹಗಲಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿದವನು ತನ್ನ ಕಣ್ಣನ್ನು ನಂಬದವನು. ಆದರೂ ಅವನಿಗೆ ಯಾವ ಗುಂಡು ಯಾವ ಪ್ರಾಣಿಗೆ ಎಂಬುದು ಗೊತ್ತು.

ಸಂಜೆ ನಾಲ್ಕಕ್ಕೆ ರಾಜೇಸಾಬ್ ಬೆವರೊರೆಸಿಕೊಳ್ಳುತ್ತ ಬಂದರು. ಹಸನ್‌ಸಾಬ್ ಮಗಳ ಮನೆಗೆ ಈ ವಾರ ಬಂದೇ ಇಲ್ಲ. ಹಿಂದಿನ ವಾರ ಮಾತ್ರ ಬಂದಿದ್ದನಂತೆ. ಬಂದವನು ಸಂತೆಯಲ್ಲಿ ಚಾಳೀಸು ಮಾರುವವನ ಮುಂದೆ ಅರ್ಧ ದಿನ ಕುಳಿತು, ಹತ್ತಾರು ಕನ್ನಡಕ ಹಾಕಿ ತೆಗೆದು, ಒಂದನ್ನೂ ಕೊಳ್ಳದೆ ಎದ್ದುಹೋದ. ದೂರದ್ದೆಲ್ಲ ಸ್ವಚ್ಛ ಕಾಣುತ್ತದೆ, ಕೈಯಲ್ಲಿದ್ದುದು ಮಂಜಾಗಿ ಕಾಣುತ್ತದೆ ಎಂದು ಮಗಳ ಮುಂದೆ ಹೇಳಿದ್ದ. ಯಾರಿಗೂ ಹೇಳಬೇಡವೆಂದೂ ಹೇಳಿದ್ದ. ಇಮಾಮ್‌ಬೀ ಅದನ್ನು ಪೊಲೀಸರಿಗೆ ಹೇಳಿದ ಮೇಲೆ ಅತ್ತಳಂತೆ.

"ದ್ಯಾಸಾಯರ ಮನ್ಯಾಗ ಕನ್ನಡಕ ಹಾಕ್ಕೊಂಡ ಶಿಕಾರಿ ಹೆಂಗಿರ್ತಾನ್ರಿ ಸಾಹೇಬ್ರ," ಎಂದರು ರಾಜೇಸಾಬ್. ಕೆಲಸ ಹೋಗುವುದಕ್ಕಿಂತ ಮರ್ಯಾದೆ ಹೋಗುವುದಕ್ಕೆ ಅವನು ಅಂಜಿದ್ದನೆಂದು ಸೂಗಪ್ಪನವರಿಗೆ ಅನ್ನಿಸಿತು. ಡಿಎಸ್‌ಪಿ ಸಾಹೇಬರಿಗೆ ಇದನ್ನೆಲ್ಲ ಬರೆದು ಕಳಿಸಿದರು. ಬಂದೂಕು ಸಿಕ್ಕ ಮೇಲೆ ಮಾತಾಡೋಣ ಎಂದು ಉತ್ತರ ಬಂತು. ನರಸಣ್ಣ ಠಾಣೆಯಲ್ಲೇ ಉಳಿಯಬೇಕಾಯಿತು.

ಶುಕ್ರವಾರ, ನವೆಂಬರ್ 20. ಎಂಟೂವರೆಗೆ ಸೂಗಪ್ಪ, ರಾಜೇಸಾಬ್ ಮತ್ತು ಇಬ್ಬರು ಪೇದೆಗಳು ಗುರುಗುಂಟಾದಲ್ಲಿ ಬಸ್ಸಿಳಿದರು. ಮೊದಲು ಹೋದದ್ದು ಗದ್ದೆಮ್ಮನ ಮನೆಗೆ. ಅವಳ ಎಡಗಣ್ಣಿನ ಮೇಲೆ ಬಟ್ಟೆ ಕಟ್ಟಿತ್ತು. ಆ ಕಣ್ಣು ಮತ್ತೆ ಬರುವುದಿಲ್ಲವೆಂದು ಡಾಕ್ಟರರು ಹೇಳಿಬಿಟ್ಟಿದ್ದರು. ಗಂಡ ಆದೆಪ್ಪ ಹೇಳಿದ ಪ್ರಕಾರ, ಬುಧವಾರ ಒಬ್ಬ ಮುದುಕ ಕಂಬಳಿಯ ಉದ್ದನೆಯ ಸುರುಳಿ ಹೆಗಲ ಮೇಲೆ ಹೊತ್ತು ಬಂದಿದ್ದ. ಕರಡಿ ಎಲ್ಲಿ ಎರಗಿತು, ಯಾವ ಕಡೆಯಿಂದ ಬಂತು, ಯಾವ ಕಾಲು ಎಳೆಯುತ್ತಿತ್ತು ಎಂದೆಲ್ಲ ಕೇಳಿ ಗುಡ್ಡ ಹತ್ತಿದ್ದ. ಗದ್ದೆಮ್ಮನ ಮುಖವನ್ನು ಮಾತ್ರ ಅವನು ನೋಡಲಿಲ್ಲವಂತೆ.

ಆದೆಪ್ಪನ ಮಾತು ಮುಗಿಯುವುದಕ್ಕೂ ಗುಡ್ಡದ ಕಡೆಯಿಂದ ಗುಂಡಿನ ಸದ್ದು ಕೇಳುವುದಕ್ಕೂ ಸರಿಹೋಯಿತು. ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಎಲ್ಲರೂ ಎರಡನೆಯ ಸದ್ದಿಗೆ ಕಾದರು. ಅದು ಬರಲಿಲ್ಲ.

ಮುಕ್ಕಾಲು ಗಂಟೆ ಹತ್ತಿದ ಮೇಲೆ, ಎರಡು ಹೆಬ್ಬಂಡೆಗಳ ನಡುವೆ ಅವನು ಸಿಕ್ಕ. ರೈಫಲ್ಲನ್ನು ಕಲ್ಲಿನ ಮೇಲೆ ಬೋಲ್ಟು ತೆರೆದು ಇಟ್ಟು, ಪಕ್ಕದಲ್ಲಿ ಉಳಿದ ಐದು ಕಾಡತೂಸು ಸಾಲಾಗಿ ನಿಲ್ಲಿಸಿ, ತಾನು ದೂರ ಕುಳಿತಿದ್ದ. ಎಂಟು ಹೆಜ್ಜೆ ಆಚೆಗೆ ಕರಡಿ ಬಿದ್ದಿತ್ತು.

"ಬರ್ರಿ ಸಾಹೇಬ್ರ," ಎಂದ. "ಹೋಗೈತಿ. ಇನ್ನ ಯಾರಿಗೂ ಏನೂ ಮಾಡಂಗಿಲ್ಲ."

ಆದೆಪ್ಪನನ್ನೂ ಊರಿನ ಪಟೇಲರನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಮಾಡಿದರು. ಕರಡಿಯ ಬಲ ಭುಜದ ಹಿಂದೆ ನಾಲ್ಕು ಬೆರಳಿನ ಅಂತರದಲ್ಲಿ ಹಳೆಯ ತೂತು, ಕಿರುಬೆರಳು ಹೋಗುವಷ್ಟು. ಅಷ್ಟೇ ಸಣ್ಣ ತೂತು ಇನ್ನೊಂದು ಮಗ್ಗುಲಲ್ಲಿ. ಎರಡೂ ಕೀತು ಹುಳ ಬಿದ್ದಿದ್ದವು. ಹದಿಮೂರು ದಿನ ಆ ಪ್ರಾಣಿ ಈ ನೋವನ್ನು ಹೊತ್ತು ಅಲೆದಿತ್ತು. ಹೊಸ ಗಾಯ ಎದೆಯಲ್ಲಿ ಒಂದೇ, ಹೊರಗೆ ಬಂದ ತೂತಿಲ್ಲ. ಕೊಯ್ದು ನೋಡಿದಾಗ ಬೆನ್ನಿನ ಚರ್ಮದ ಕೆಳಗೆ ಗುಂಡು ಸಿಕ್ಕಿತು. ದೇಸಾಯರು ಹೇಳಿದ ಹಾಗೆ ಅರಳಿತ್ತು. ಎದುರಿಗೆ ನುಗ್ಗಿ ಬರುವ ಕರಡಿಗೆ ಎಂಟು ಹೆಜ್ಜೆಯಲ್ಲಿ ಒಂದೇ ಗುಂಡು ಹಾರಿಸಿ ನಿಂತ ಮುದುಕನನ್ನು ಪೇದೆಗಳು ಬಾಯಿ ತೆರೆದು ನೋಡುತ್ತಿದ್ದರು. ಸೂಗಪ್ಪನವರೂ ಅವನನ್ನು ಮೆಚ್ಚಿಕೊಂಡರು.

ಹಸನ್‌ಸಾಬ್ ಕಿಸೆಯಿಂದ ಇನ್ನೊಂದು ಗುಂಡು ತೆಗೆದು ಕೊಟ್ಟ. ಕವಚದ್ದು, ಮೂತಿ ಒಂದಿಷ್ಟೂ ಸೊಟ್ಟಾಗಿರಲಿಲ್ಲ. ಅವತ್ತು ಕರಡಿಯ ಹಿಂದಿದ್ದ ಹುತ್ತದಿಂದ ಅಗೆದು ತೆಗೆದದ್ದು.

"ಇದರ ಮೂತಿ ಮುಟ್ಟಿದ ಕೂಡ್ಲೆ ಗೊತ್ತಾತ್ರಿ. ಕರಡಿಗೆ ಕೋಣದ ಗುಂಡು ತುಂಬಿ ಕೊಟ್ಟೀನಿ. ಡಬ್ಬ್ಯಾಗ ಎರಡೂ ಒಂದ ಹಂಗ ಕಂಡ್ವು ನನಗ."

"ಯಾಕ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ರಿ. ಅವ್ರು ಕೈ ನಡುಗಿತು ಅಂತ ದಿನಾ ಹೇಳ್ಕೋತ ಕುಂತ್ರು. ನಾ ಬಾಜೂಕ ಕುಂತು ಕೇಳ್ದೆ. ಬರಕೋರಿ ಸಾಹೇಬ್ರ, ದ್ಯಾಸಾಯರ ಗುರಿ ತಪ್ಪಿಲ್ಲ. ಆ ತೂತು ಎಲ್ಲೈತಿ ನೋಡ್ರಿ, ನಾಕು ಬೆರಳು. ಅಲ್ಲೇ ಬಡೀಬೇಕು, ಅಲ್ಲೇ ಬಡದೈತಿ."

ಜೋಡುನಳಿಗೆ ಯಾಕೆ ಒಯ್ಯಲಿಲ್ಲ ಎಂದು ಕೇಳಿದರು. ಗುಡ್ಡದಲ್ಲಿ ಮೂರು ದಿನ ಅದನ್ನು ಹೊರುವ ಹೆಗಲು ಈಗಿಲ್ಲ ಎಂದ. ಛರ್ರೆ? ಕರಡಿಯ ದಟ್ಟ ಕೂದಲಲ್ಲಿ ಛರ್ರೆ ಸಿಕ್ಕಿಕೊಂಡರೆ ಇನ್ನೊಮ್ಮೆ ಗಾಯ ಮಾಡಿ ಬಿಟ್ಟಂತೆ ಎಂದ. ಕೆಲಸ ಮುಗಿಸಿ ಬಂದೂಕನ್ನು ಅದೇ ಗೂಟಕ್ಕೆ ಹಾಕುವವನಿದ್ದ. ತನ್ನಿಂದಾಗಿ ನರಸಣ್ಣ ಠಾಣೆಯಲ್ಲಿದ್ದಾನೆಂದು ಕೇಳಿದಾಗ ಮಾತ್ರ ಅವನ ಮುಖ ಸುಟ್ಟಂತಾಯಿತು. ಅದನ್ನೂ ನನ್ನ ಮೇಲೆಯೇ ಬರೆಯಿರಿ ಎಂದು ಎರಡೂ ಕೈ ಮುಂದೆ ಚಾಚಿದ. ಹನ್ನೊಂದೂ ಹತ್ತಕ್ಕೆ ದಸ್ತಗಿರಿ ಆಯಿತು.

ಇಳಿಯುವಾಗ ಅವನೇ ಕೇಳಿಕೊಂಡ ಮೇಲೆ ಗದ್ದೆಮ್ಮನ ಮನೆಯ ಮುಂದೆ ನಿಲ್ಲಿಸಿದರು. ಈ ಸಲ ಅವನು ಅವಳ ಮುಖ ನೋಡಿದ. ತಪ್ಪು ಗುಂಡು ಕೊಟ್ಟವನು ತಾನೇ ಎಂದು ಹೇಳಿದ. ಗದ್ದೆಮ್ಮ ಕಣ್ಣಿನ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡಳು.

"ನನ್ನ ಕಣ್ಣು ನೀ ಕೊಡಂಗಿಲ್ಲ," ಎಂದಳು. "ಉಳಿದಾರು ಗುಡ್ಡಕ್ಕ ಹೋಗ್ಬೌದೇನು?"

"ಹೋಗ್ಬೌದವ್ವ."

ಅವಳು ಒಳಗೆ ಹೋದಳು.

ಸಂಜೆ ನಾಲ್ಕೂವರೆಗೆ ನರಸಣ್ಣನನ್ನು ಬಿಟ್ಟರು. ಅವನು ಹಿಂತಿರುಗಿ ನೋಡದೆ ವಳಕಮದಿನ್ನಿಯ ದಾರಿ ಹಿಡಿದ. ಐದಕ್ಕೆ ದೇಸಾಯರು ಬಂದರು. ಪಂಚನಾಮೆಯನ್ನು ಕೈಗೆತ್ತಿಕೊಂಡು ನಾಲ್ಕು ಬೆರಳಿನ ಸಾಲನ್ನು ಮೂರು ಸಲ ಓದಿದರು. ಫಿರ್ಯಾದಿ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಆಯುಧದ ಕಾಯಿದೆಯಡಿಯ ಪ್ರಕರಣ ಸರ್ಕಾರದ್ದು, ಅದು ಹಾಗೆ ಮುಗಿಯುವುದಿಲ್ಲ, ಕೋರ್ಟಿಗೇ ಹೋಗಬೇಕು ಎಂದು ಸೂಗಪ್ಪ ತಿಳಿಸಿದರು. ದೇಸಾಯರು ಎದ್ದು ಲಾಕಪ್ಪಿನ ಸರಳಿನ ಮುಂದೆ ನಿಂತರು.

"ಹೇಳಿದ್ರ ನಾನೂ ನಿನ್ನ ಜೋಡಿ ಬರ್ತಿದ್ನೆಲ್ಲೋ ಹಸನ್ಯಾ."

"ನೀವು ಬಂದ್ರ ಗುಂಡು ಆರಿಸಿ ಕೊಡಾಂವ ನಾನ ಅಲ್ಲೇನ್ರಿ ಧಣ್ಯಾರ," ಎಂದ ಹಸನ್‌ಸಾಬ್. "ಅದಕ್ಕ ಅಂಜಿದೆ."

ದೇಸಾಯರು ಇನ್ನೂ ಹತ್ತಿರ ಸರಿದರು. ಸರಳು ಹಿಡಿದು ಅಲ್ಲೇ ನಿಂತರು. ಸೂಗಪ್ಪ ಕೇಸ್ ಡೈರಿ ತೆರೆದು, ಕೃತ್ಯಕ್ಕೆ ಕಾರಣ ಎಂಬ ಸಾಲಿನ ಮುಂದೆ ಸ್ವಂತ ಲಾಭವಿಲ್ಲ ಎಂದು ಮೊದಲು ಬರೆದರು. ಅದು ಸಾಲದೆನಿಸಿ, ತನ್ನ ಕೈಯಿಂದಾದ ತಪ್ಪಿಗೆ ಇನ್ನೊಬ್ಬರು ಮೈಯೊಡ್ಡಬಾರದೆಂದು ಒಬ್ಬನೇ ಹೋದನು ಎಂದು ಸೇರಿಸಿದರು.