ಕಾಂಪೌಂಡರ್ ಫಾಲಾಕ್ಷನ ಉಸಿರು

ರುದ್ರೇಶ ಪ್ರತಿ ಭಾನುವಾರ ಎಲ್ಲಿಗೆ ಹೋಗುತ್ತಾನೆಂದು ಶಾಂತಿಗೆ ತಿಳಿದಿರಲಿಲ್ಲ. ಕೇಳಿದರೆ, "ಸ್ವಲ್ಪ ಕೆಲ್ಸ ಐತೆ ಕಣ್ರೀ" ಎಂದು ನಕ್ಕು ಕಣ್ಣು ತಪ್ಪಿಸುತ್ತಿದ್ದ.

ಅವಳು ಹೊಳೆನರಸೀಪುರದ ಬ್ಯಾಂಕಿನಲ್ಲಿ ಕ್ಲರ್ಕ್. ಅವನದು ಅರಕಲಗೂಡಿನಲ್ಲಿ ಮೆಡಿಕಲ್ ಸ್ಟೋರ್. ಪರಿಚಯವಾದದ್ದು ಹಾಸನದ ಫಿಲ್ಮ್ ಕ್ಲಬ್ಬಿನಲ್ಲಿ. ಹಳೆಯ ಪತ್ತೇದಾರಿ ಕಾದಂಬರಿಯೊಂದರ ಸರಣಿ ಕೊಲೆಗಾರ ಕಾಂಪೌಂಡರ್ ಫಾಲಾಕ್ಷನ ಮೇಲೆ ಬಂದ ಮೂರು ಸಿನಿಮಾಗಳನ್ನು, ಒಂದು ಕಪ್ಪು-ಬಿಳುಪಿನದು, ಒಂದು ಕಲರಿನದು, ಒಂದು ಹೊಸದು, ಮೂರು ಶನಿವಾರ ತೋರಿಸಿ, ನಾಲ್ಕನೆಯ ಶನಿವಾರ ಚರ್ಚೆ ಇಟ್ಟಿದ್ದರು.

"ಹೊಸ ಫಾಲಾಕ್ಷನೇ ಚೆನ್ನಾಗಿದ್ದಾನೆ. ಅವನ ನೋವೂ ಕಾಣುತ್ತೆ," ಎಂದಿದ್ದಳು ಶಾಂತಿ.

"ಇಲ್ಲ ಕಣ್ರೀ, ಬ್ಲಾಕ್ ಅಂಡ್ ವೈಟ್‌ನೋನೇ ಭಯ. ಕೊಲ್ಲೋಕೆ ಮುಂಚೆ ಎಂಗೆ ಉಸಿರಾಡ್ತಾನೋ, ಕೊಂದ್ಮೇಲೂ ಅಂಗೇ. ಕಲರ್‌ನೋನು ಸುಮ್ನೆ ನಗ್ತಾನೆ. ಹೊಸಬ್ನದು ಬರೀ ಮ್ಯೂಸಿಕ್ಕು," ಎಂದಿದ್ದ ರುದ್ರೇಶ.

ಕೊಲೆಗಾರನ ಉಸಿರನ್ನು ಯಾರು ಗಮನಿಸುತ್ತಾರೆ? ರುದ್ರೇಶನ ಗಂಭೀರ ಕಣ್ಣುಗಳು ಅವಳಿಗೆ ಇಷ್ಟವಾದವು. ಅಷ್ಟೇ ಅನುಮಾನವೂ ಹುಟ್ಟಿತು.

ಆಮೇಲೂ ಶನಿವಾರಗಳಂದು ಇಬ್ಬರೂ ಹಾಸನದಲ್ಲಿ ಸಿಗುತ್ತಿದ್ದರು. ಎರಡು ತಿಂಗಳ ಮೇಲೆ ಒಂದು ಶನಿವಾರ ಅವನ ಬ್ಯಾಗಿನಲ್ಲಿ ಹೊಸ ಸೀರೆ ಕಂಡಿತು.

"ಯಾರಿಗೆ?"

"ಅಕ್ಕಂಗೆ."

ತನಗೆ ಒಡಹುಟ್ಟಿದವರು ಯಾರೂ ಇಲ್ಲ ಎಂದು ಅವನೇ ಹೇಳಿದ್ದ.

ಮರುದಿನ ಭಾನುವಾರ. ಅರಕಲಗೂಡಿನ ಬಸ್ಸು ಬರುವ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದು, ಅವನು ಹತ್ತಿದ ದುದ್ದದ ಬಸ್ಸನ್ನೇ ಹಿಂಬಾಗಿಲಿನಿಂದ ಹತ್ತಿದಳು. ದುದ್ದದಲ್ಲಿ ಅವನೊಂದು ಹೆಂಚಿನ ಮನೆ ಹೊಕ್ಕ. ಕಿಟಕಿಯಿಂದ ಅವನ ದನಿ ಕೇಳಿಸಿತು:

"ಬಾಗಿಲತ್ರ ನಿಂತವ್ನೆ. ಕೈಲಿ ಸೂಜಿ."

"ಸುಮ್ಕಿರು, ಉಸ್ರು ಕೇಳ್ಲಿ," ಎಂದಿತು ಹೆಣ್ಣು ದನಿ.

ಶಾಂತಿ ಬಾಗಿಲು ತಳ್ಳಿದಳು. ಮೊಬೈಲಿನಲ್ಲಿ ಹಳೆಯ ಫಾಲಾಕ್ಷನ ಸಿನಿಮಾ; ರುದ್ರೇಶ ನೋಡುತ್ತ ಹೇಳುತ್ತಿದ್ದ. ಎದುರಿಗೆ ಆ ಹೊಸ ಸೀರೆಯುಟ್ಟ, ಕಣ್ಣು ಕಾಣದ ಮುದುಕಿ. ಗೋಡೆಯ ಮೇಲೆ ಹಾರ ಹಾಕಿದ ಹೆಣ್ಣುಮಗಳ ಫೋಟೋ.

ರುದ್ರೇಶ ಎದ್ದು ಫೋಟೋದತ್ತ ನೋಡಿದ. "ನನ್ನ ಹೆಂಡ್ತಿ. ಓಗಿ ನಾಲ್ಕು ವರ್ಷ ಆಯ್ತು. ಇವ್ರು ಅವ್ಳ ತಾಯಿ, ಗುರುಸಿದ್ದಮ್ಮ."

"ಸುಳ್ಳು ಯಾಕೆ ಹೇಳಿದ್ರಿ?"

"ಗೊತ್ತಾದ್ರೆ ನೀವು ಮಾತು ಬಿಟ್ಬುಡ್ತೀರೇನೋ ಅಂತ ಎದ್ರಿದೆ."

"ಆ ಉಸಿರಿನ ಮಾತು?"

"ಅದೂ ಇವ್ರದ್ದೇ."

ಅವಳಿಗೆ ಕೋಪ, ಅಳು ಒಟ್ಟಿಗೇ ಬಂದವು. ಹೊರಡಲು ತಿರುಗಿದಳು.

"ಒಳೇನರಸೀಪುರದೋಳೇನವ್ವಾ?" ಮುದುಕಿ ದನಿಯತ್ತ ಕೈ ಚಾಚಿದಳು. "ಬಂದಾಗೆಲ್ಲಾ ಇವ್ನ ಬಾಯಲ್ಲಿ ನಿಂದೇ ಮಾತು. ಸುಳ್ಳೇಳವ್ನೆ, ಬೈಯಿ. ಆದ್ರೆ ಕುಂತ್ಕಂಡು ಬೈಯವ್ವ."

ಆ ಒರಟು ಕೈ ಹಿಡಿದು ಶಾಂತಿ ಚಾಪೆಯ ಮೇಲೆ ಕುಳಿತಳು. "ಇನ್ನೇನು ಮುಚ್ಚಿಟ್ಟಿದ್ದೀರಿ?"

"ಒಂದೈತೆ." ಅವನು ತಲೆ ತಗ್ಗಿಸಿದ. "ನೀವಂದ್ರೆ ನಂಗೆ ಜೀವ."

ಗುರುಸಿದ್ದಮ್ಮ ಕಿವಿ ನಿಮಿರಿಸಿ ಕಾಯುತ್ತಿದ್ದಳು. ಶಾಂತಿ ಸ್ವಲ್ಪ ಸರಿದು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು.