ಹೆಚ್ಚಿಗೆ ಉರಿದ ಸೌದೆ

ಕ್ವಿಂಟಾಲ್ ಸೌದೆಗೆ ಮೂವತ್ತು ರೂಪಾಯಿ. ಹೊಸನಗರದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಹಳೇ ಒಲೆ ದಿನಕ್ಕೆ ಅರವತ್ತು ಕಿಲೋ ನುಂಗುತ್ತಿತ್ತು. ಹೊಗೆಯಿಲ್ಲದ ಹೊಸ ಒಲೆಗೆ ಇಟ್ಟಿಗೆ, ಮಣ್ಣು, ಹೊಗೆ ಕೊಳವೆ ಎಲ್ಲ ಸೇರಿ ಮುನ್ನೂರ ನಲವತ್ತು. ಮೂವತ್ತೈದು ಕಿಲೋದಲ್ಲಿ ಅಡುಗೆ ಮುಗಿದರೆ ಒಂದೂವರೆ ತಿಂಗಳಿಗೆ ಅಸಲು ಹುಟ್ಟುತ್ತದೆ.

೧೯೮೪ರಲ್ಲಿ ಈ ಲೆಕ್ಕ ಹೇಳಿದವನು ಸರ್ಕಾರದ ದಿನಗೂಲಿಯ ಮೇಲೆ ಒಲೆ ಕಟ್ಟುತ್ತಿದ್ದ ಬೆಳ್ಳಪ್ಪ. ಕೇಳಿದವಳು ಹಾಸ್ಟೆಲ್ಲಿನ ಅಡುಗೆಯ ಮಾಸ್ತಮ್ಮ, ಇಪ್ಪತ್ಮೂರರ ಹುಡುಗಿ. ಲೆಕ್ಕಕ್ಕಿಂತ ಅವನ ದನಿಯೇ ಅವಳ ಕಿವಿಯಲ್ಲಿ ಉಳಿಯಿತು.

"ಸ್ವಲ್ಪ ನೆಟ್ಟಗೆ ನಿಲ್ರಿ," ಎಂದು ಮುಟ್ಟದ ಹಾಗೆ ದಾರ ಹಿಡಿದು ಅವಳ ಸೊಂಟದೆತ್ತರ ಅಳೆದ. "ಬಗ್ಗಿ ಬಗ್ಗಿ ಬೆನ್ನು ಹೋಗತ್ತೆ. ಒಲೆ ನಿಮ್ಮೆತ್ತರಕ್ಕೇ ಕಟ್ತೀನಿ."

"ಇಷ್ಟೆತ್ತರಕ್ಕಾ? ನಮ್ಮ ವಾರ್ಡನ್ ಅಮ್ಮಂಗೆ ಪಾತ್ರೆ ನೋಡಕ್ಕೆ ಏಣಿ ಬೇಕಾಗತ್ತೆ!"

ಅವನು ನಕ್ಕ. ಅವಳು ಅಕ್ಕಿ ಆರಿಸುವ ನೆಪದಲ್ಲಿ ಮುಖ ತಿರುಗಿಸಿದಳು.

ಒಲೆ ಚೆನ್ನಾಗಿ ಉರಿಯಿತು. ಅದೇ ಅವಳ ಸಂಕಟ. ಒಂದು ವಾರ ಸೌದೆ ತೂಗಿ ಬರೆದಿಡಬೇಕು. ಲೆಕ್ಕ ಸರಿಬಂದರೆ ಅವನು ಸಾಗರದ ಹಾಸ್ಟೆಲ್ಲಿಗೆ ಹೊರಟ. ಬರದಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು. ತೂಗುವವಳು ಅವಳೇ. ದಿನಾ ಒಂದು ಹೊರೆ ಹೆಚ್ಚಿಗೆ ತುರುಕಿದಳು.

ಎರಡು ಸಲ ಅವನು ಬಿಚ್ಚಿ ಕಟ್ಟಿದ. ಮೊಣಕೈವರೆಗೆ ಮಣ್ಣು, ಮೂಗಿನ ತುದಿಗೂ ಮಣ್ಣು. ಅವಳು ಕಾಫಿ ಕೊಟ್ಟಳು, ರೇಗಿಸಿದಳು. ಮೂಗಿನ ಮಣ್ಣಿನ ಸುದ್ದಿ ಮಾತ್ರ ಹೇಳಲಿಲ್ಲ.

ಮೂರನೇ ಸಲ ಅವನು ಕಾಫಿ ಮುಟ್ಟಲಿಲ್ಲ.

"ಈ ವಾರಾನೂ ಲೆಕ್ಕ ಬರ್ಲಿಲ್ಲ ಅಂದ್ರೆ ಸಾಹೇಬ್ರು ನನ್ನನ್ನ ಕೆಲ್ಸದಿಂದ ಬಿಡಿಸ್ತಾರಂತೆ. ನಂಗೆ ಒಲೆ ಕಟ್ಟಕ್ಕೇ ಬರಲ್ಲ ಅಂತ ಕಾಣತ್ತೆ, ಮಾಸ್ತಮ್ಮ."

ಅವಳು ಸೌಟು ಕೆಳಗಿಟ್ಟಳು. "ಒಲೆ ಮೊದ್ಲಿಂದ್ಲೂ ಸರಿಯಿತ್ತು. ಸೌದೆ ನಾನೇ ಹೆಚ್ಚು ಹಾಕ್ದೆ."

"ಯಾಕ್ರಿ?"

"ನೀವು ಮತ್ತೆ ಬರ್ಲಿ ಅಂತ."

ಅವನ ಕಿವಿ ಕೆಂಪಾಯಿತು. "ಎರಡು ಸಲ ಬಿಚ್ಚಿಸಿದ್ರಲ್ಲ ಮಾರಾಯ್ತಿ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ಕೈ ತೊಳ್ಕೊಂಡು ನಿಮ್ಮಪ್ಪಯ್ಯನ ಹತ್ರ ಹೋಗ್ತಿದ್ದೆ."

ಅವಳೇ ಹೋಗಿ ವಾರ್ಡನ್ ತುಂಗಮ್ಮನ ಮುಂದೆ ತಪ್ಪೊಪ್ಪಿಕೊಂಡಳು. ಸೌದೆಯನ್ನು ಎದುರಿಗೇ ತೂಗಿಸಿದರು. ಮೂವತ್ನಾಲ್ಕು ಕಿಲೋದಲ್ಲಿ ಅಡುಗೆ ಮುಗಿಯಿತು. ಸರ್ಕಾರದ ಸೌದೆ ಸುಮ್ಮನೆ ಸುಟ್ಟವಳ ಕೆಲಸ ಹೋಯಿತು, ಬೆಳ್ಳಪ್ಪನದು ಉಳಿಯಿತು. ಬೇಸಗೆಯಲ್ಲಿ ಮದುವೆಯಾಯಿತು.

ಹಾಸ್ಟೆಲ್ಲಿಗೆ ದಿನಕ್ಕೆ ಇಪ್ಪತ್ತಾರು ಕಿಲೋ ಸೌದೆ ಉಳಿಯಿತು. ಮಾಸ್ತಮ್ಮನಿಗೆ ತಿಂಗಳ ನೂರೆಂಬತ್ತು ರೂಪಾಯಿ ಸಂಬಳ ಹೋಯಿತು, ಗಂಡ ಸಿಕ್ಕಿದ.