ಮಸಿ ಹಿಡಿದ ಪ್ಲಗ್ಗು

ಮರೆವ್ವ ಕೈಮುಗಿಯಲಿಲ್ಲ. ಎರಡು ಬೆರಳಿಲ್ಲದ ಬಲಗೈಯನ್ನು ನಮ್ಮ ಗಿರಣಿಯ ಕಟ್ಟೆಯ ಮೇಲೆ ಊರಿ ನಿಂತು, "ಅವ್ವಾರ, ನಾ ಬೇಡಾಕ ಬಂದಿಲ್ಲ. ನನ್ನ ಗಂಡ ಬೆಂಕಿ ಹಚ್ಚಿಲ್ಲ, ಅದನ್ನ ಹೇಳಾಕ ಬಂದೇನಿ. ಫೌಜದಾರ್ರು ಕೇಳವಲ್ರು. ನೀವರೆ ಕೇಳ್ರಿ," ಎಂದಳು.

ಅವಳು ಅವ್ವಾರು ಎಂದದ್ದು ನನ್ನ ಸೋದರತ್ತೆ ಸುಂದರವ್ವನಿಗೆ. ಬೈಲಹೊಂಗಲದಲ್ಲಿ ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದ ವಿಧವೆ. ಊರಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಜನ ಮೊದಲು ಪೊಲೀಸ್ ಚಾವಡಿಗೆ ಹೋಗುತ್ತಿದ್ದರು. ಅಲ್ಲಿ ನ್ಯಾಯ ಸಿಗದಿದ್ದರೆ ನಮ್ಮ ಗಿರಣಿಗೆ ಬರುತ್ತಿದ್ದರು. ಧಾರವಾಡದ ಬೋರ್ಡಿಂಗಿನಲ್ಲಿದ್ದು ಮೆಟ್ರಿಕ್ ಮುಗಿಸಿ ಬಂದಿದ್ದ ನಾನು, ಬಸವಣ್ಣೆಪ್ಪ, ಅತ್ತೆಯ ಜೊತೆ ತಿರುಗುತ್ತಿದ್ದೆ. ಅವಳು ನೋಡಿದ್ದನ್ನೆಲ್ಲ ನಾನೂ ನೋಡುತ್ತಿದ್ದೆ. ಅವಳಿಗೆ ತಿಳಿದದ್ದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.

ಹಿಂದಿನ ದಿನ ಶಿವರಾತ್ರಿ ಅಮಾವಾಸ್ಯೆ. ಮುಸ್ಸಂಜೆಗೆ ಅಂದಾನೆಪ್ಪ ಸಾವಕಾರರ ಜಿನ್ನಿನ, ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯ, ಹಿತ್ತಲಲ್ಲಿದ್ದ ಅರಳೆಯ ರಾಶಿಗೆ ಬೆಂಕಿ ಬಿದ್ದಿತ್ತು. ರಾಶಿಯ ಹತ್ತಿರ ಮರೆವ್ವನ ಗಂಡ, ಎಂಜಿನ್ನಿನವ ಮಾಳಪ್ಪನ ಚಿಮಣಿ ಎಣ್ಣೆಯ ಡಬ್ಬಿ ಸಿಕ್ಕಿತು. ಅವನ ಧೋತರ ಎಣ್ಣೆ ನಾರುತ್ತಿತ್ತು. ಫೌಜದಾರರಿಗೆ ಅಷ್ಟು ಸಾಕಾಯಿತು, ಅವನನ್ನು ಹಿಡಿದು ಚಾವಡಿಯಲ್ಲಿ ಕೂಡಿಹಾಕಿದರು. ಮಾಳಪ್ಪ ಎಂಜಿನ್ ಬಿಟ್ಟು ಕದಲಲಿಲ್ಲವೆಂದು ಜಿನ್ನಿನ ಹೆಂಗಸರು ಹೇಳಿದರೆ, ಕೂಲಿಯವರ ಸಾಕ್ಷಿ ಎಂದು ನಕ್ಕುಬಿಟ್ಟರು.

ಇದರ ಹಿಂದೊಂದು ಜಗಳವಿತ್ತು. ಎಂಜಿನ್ನಿನಿಂದ ಜಿನ್ನನ್ನು ತಿರುಗಿಸುವ ಪಟ್ಟಾಕ್ಕೆ, ಎಂದರೆ ಬೆಲ್ಟಿಗೆ, ಅಡ್ಡ ಜಾಳಿಗೆ ಇರಲಿಲ್ಲ. ಅದರಲ್ಲಿ ಸಿಕ್ಕೇ ಮರೆವ್ವನ ಬೆರಳು ಹೋದವು. ಮಾಳಪ್ಪ ಎಂಜಿನ್ ನಿಲ್ಲಿಸಿ, ಜಾಳಿಗೆ ಹಾಕುವವರೆಗೆ ಸುರು ಮಾಡುವುದಿಲ್ಲ ಎಂದ. ಆಗ ಕಾರಭಾರ ಸಾವಕಾರರ ಅಣ್ಣನ ಮಗ ಶಂಕ್ರೆಪ್ಪನದು. ಅವನು ಬೈದು ನೋಡಿದ, ಹೆದರಿಸಿ ನೋಡಿದ. ಕೊನೆಗೆ ಸಾವಕಾರರು ಸುಗ್ಗಿ ಮುಗಿದ ಮೇಲೆ ಜಾಳಿಗೆ ಹಾಕಿಸುವುದಾಗಿ ಮಾತು ಕೊಟ್ಟು, ಶಂಕ್ರೆಪ್ಪನ ಕೈಯಿಂದ ಜಿನ್ನಿನ ಕೀಲಿಕೈ ಕಸಿದು ಮಾಳಪ್ಪನಿಗೆ ಕೊಟ್ಟರು. ಎಂಜಿನ್ ಮತ್ತೆ ಸುರುವಾಯಿತು.

"ಹಂಗಾರ ಶಂಕ್ರೆಪ್ಪಗೂ ಸಿಟ್ಟೈತಲ್ಲ?" ಎಂದೆ.

"ಆಂವ ಊರಾಗ ಇದ್ದಿದ್ದಿಲ್ಲೊ ತಮ್ಮಾ," ಎಂದಳು ಮರೆವ್ವ. "ಮಧ್ಯಾಹ್ನನ ಸಿರಸಂಗಿ ಕಾಳವ್ವನ ಗುಡಿಗೆ ಹ್ವಾದ. ಆ ಫಟಫಟಿ ಸಪ್ಪಳ ಕಿವುಡರಿಗೂ ಕೇಳಸ್ತೈತಿ. ಬೆಂಕಿ ಆರಿದ ಮ್ಯಾಲೆ ಸವದತ್ತಿ ರಸ್ತೇಲೆ ಗುಡುಗಿಸಿಕೋತ ಹೊಳ್ಳಿ ಬಂದ."

ಅದು ನಿಜ. ಹೋದದ್ದನ್ನೂ ಬಂದದ್ದನ್ನೂ ನಾನೇ ಕೇಳಿದ್ದೆ. ಫಟಫಟಿ, ಎಂದರೆ ಮೋಟಾರ್ ಸೈಕಲ್ಲು, ಊರಿಗೆ ಇದ್ದದ್ದು ಅದೊಂದೇ.

ಚಾವಡಿಯಲ್ಲಿ ಅತ್ತೆ ಮಾಳಪ್ಪನಿಗೆ ಬೆಂಕಿಯ ವಿಷಯ ಕೇಳಲೇ ಇಲ್ಲ. "ಶಂಕ್ರೆಪ್ಪನ ಗಾಡಿಗೆ ಕೈ ಹಚ್ಚಿದ್ದೇನು?" ಎಂದಳು.

"ದಸರಾಕ್ಕರಿ. ಸಪ್ಪಳ ಬೇಕಂತ ಆಂವ ಸೈಲೆನ್ಸರ ಕಿತ್ತಿದ್ದ, ಕಾರ್ಬುರೇಟರ ಬಾಯಿಗಿದ್ದ ಧೂಳಿನ ಟೊಪಗೀನೂ ಕಿತ್ತಿದ್ದ. ಗಾಡಿ ಚಟ್ ಚಟ್ ಅಂತ ಸಿಡೀತು, ಕಾದು ನೇಸರಗಿ ಹತ್ರ ಬಿಗದು ನಿಂತ್ತು. ನಾ ಹೋಗಿ ಪೆಟ್ರೋಲ ಹೆಚ್ಚು ಬಿಡೂ ದೊಡ್ಡ ಜೆಟ್ ಹಾಕಿದೆ. ಆಮ್ಯಾಲೆ ನೆಟ್ಟಗಾತು. ಅವನ್ನ ತಿರಗಿ ಕುಂದ್ರಿಸಿದ್ರ ಹೇಳ್ರಿ, ಸಣ್ಣ ಜೆಟ್ ಹಾಕಬೇಕು ಅಂದೆ. ಸಪ್ಪಳಕ್ಕೂ ಪೆಟ್ರೋಲಿಗೂ ಏನಲೇ ಸಂಬಂಧ ಅಂತ ನಕ್ಕ."

ಶಂಕ್ರೆಪ್ಪ ನಮ್ಮನ್ನು ನಗುತ್ತಲೇ ಬರಮಾಡಿಕೊಂಡ. ಕೊಟ್ಟಿಗೆಯಲ್ಲಿ ಫಟಫಟಿ ನಿಂತಿತ್ತು, ಹೊಗೆಯ ಕೊಳವೆ ಬೋಳು. ಸೈಲೆನ್ಸರು, ಧೂಳಿನ ಟೊಪಗಿ ಎರಡೂ ಗೂಟಕ್ಕೆ ನೇತಾಡುತ್ತಿದ್ದವು.

"ದಸರಾದಿಂದ ಅಲ್ಲೇ ತೂಗ್ಯಾವ್ರಿ," ಎಂದ. "ಗಂಡಸರ ಗಾಡಿಗೆ ಬಾಯಿಗೆ ಬಟ್ಟಿ ಯಾಕ?"

ನಾನು ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿದೆ. ಹಸಿ ಮಸಿ ಮೆತ್ತಿಕೊಂಡಿತು. ಟೊಪಗಿಯೆಂದರೆ ತಂತಿಯ ಜಾಳಿಗೆಗೆ ಎಣ್ಣೆ ಹಚ್ಚಿ ಸುತ್ತಿದ ಎರಡು ಪದರ ಕಂಬಳಿ. ಅತ್ತೆ ಅದನ್ನು ಮೂಸಿ ನನಗೆ ಕೊಟ್ಟಳು. ಹೊಗೆಯ ನಾತ ಬಂತು. ಗೂಟಕ್ಕಿದ್ದ ಹಗ್ಗಕ್ಕೆ ಜೇಡರ ಬಲೆ ಇತ್ತು, ಟೊಪಗಿಗೆ ಇರಲಿಲ್ಲ.

"ಸಿರಸಂಗಿಮಟ ಹೋಗಿ ಬಂದ್ರೂ ಪೆಟ್ರೋಲ ಟಾಕಿ ತುಂಬೈತಿ," ಎಂದಳು ಅತ್ತೆ.

"ಹೋಗೂಮುಂದ ಹಾಕಿದ್ದ ಡಬ್ಬಿಯಿಂದನ ಬಂದ ಕೂಡ್ಲೇ ಮತ್ತ ಸುರದೇನ್ರಿ."

"ಪ್ಲಗ್ಗು ಬಿಚ್ಚು, ನೋಡೂಣು."

ಅವನು ಅನುಮಾನವಿಲ್ಲದೆ ಬಿಚ್ಚಿಕೊಟ್ಟ. ಕಿಡಿ ಹಾರಿಸುವ ಅದರ ತುದಿ ಒಲೆಯ ಮೇಲಿನ ಗಡಿಗೆಯ ತಳದಂತೆ ಮಸಿ ಹಿಡಿದಿತ್ತು. ಅತ್ತೆ ಅದನ್ನು ಟೊಪಗಿಯ ಜೊತೆ ಸೆರಗಿನಲ್ಲಿ ಕಟ್ಟಿಕೊಂಡಳು.

"ಪ್ಲಗ್ಗಿಲ್ದ ಗಾಡಿ ಹೆಂಗ ಓಡಸ್ಲಿರಿ?"

"ಇವತ್ತು ನಡಕೋತ ಅಡ್ಡಾಡು. ಇಳಿಹೊತ್ತಿಗೆ ಜಿನ್ನಿಗೆ ಗಾಡಿ ನೂಕ್ಕೊಂಡು ಬಾ, ಸೈಲೆನ್ಸರೂ ತಗೊಂಡು."

ಜಿನ್ನಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಸಾವಕಾರರು ಕುರ್ಚಿಯಲ್ಲಿ, ಹೆಂಗಸರು ನೆಲದಲ್ಲಿ, ಮಾಳಪ್ಪ ಬೇಡಿಯಲ್ಲಿ. ಅತ್ತೆ ಮಸಿ ಪ್ಲಗ್ಗನ್ನು ಎಲ್ಲರಿಗೂ ತೋರಿಸಿದಳು.

"ಕೆಟ್ಟ ಪೆಟ್ರೋಲ ಇರಬೇಕ್ರಿ," ಎಂದ ಶಂಕ್ರೆಪ್ಪ ತಕ್ಷಣ.

"ಇರಬಹುದು. ಅದ ಪೆಟ್ರೋಲಿನಾಗ ನೋಡೂಣು. ಫೌಜದಾರ್ರ, ಬೇಡಿ ಬಿಚ್ಚಿ ಮಾಳಪ್ಪನ್ನ ಗಾಡಿ ಮ್ಯಾಲೆ ಕುಂದರಸ್ರಿ. ಹಿಂದ ನಿಮ್ಮ ಪೊಲೀಸ ಕುಂದ್ರಲಿ."

"ಓಡಿ ಹ್ವಾದ್ರ?"

"ಈ ಸಪ್ಪಳದಾಗ ಓಡಿ ಹ್ವಾದ್ರ ಕಿತ್ತೂರಿನ ಮಂದಿ ಹಿಡದು ಕೊಡ್ತಾರ," ಎಂದಳು ಮರೆವ್ವ. ಹೆಂಗಸರು ನಕ್ಕರು.

ಅತ್ತೆ ಪ್ಲಗ್ಗನ್ನು ಉಜ್ಜಿ ಸ್ವಚ್ಛ ಮಾಡಿ ಕೊಟ್ಟಳು. ಮಾಳಪ್ಪ ಬೋಳು ಕೊಳವೆಯಲ್ಲೇ ಊರು ನಡುಗಿಸುತ್ತ ನೇಸರಗಿ ರಸ್ತೆಯಲ್ಲಿ ದೂರದವರೆಗೆ ಹೋಗಿ ಬಂದ. ಬಿಚ್ಚಿ ನೋಡಿದರೆ ಪ್ಲಗ್ಗು ಹುರಿದ ಕಡಲೆಯ ಬಣ್ಣಕ್ಕಿತ್ತು. ಆಮೇಲೆ ಸೈಲೆನ್ಸರು, ಟೊಪಗಿ ಎರಡನ್ನೂ ಕೂರಿಸಿದ. ಜೆಟ್ ಮುಟ್ಟಲಿಲ್ಲ. ಗಾಡಿ ಈ ಸಲ ಗೊರಕೆಯಷ್ಟೇ ಸಪ್ಪಳ ಮಾಡುತ್ತ ಹೋಯಿತು, ಮುಗ್ಗರಿಸುತ್ತ ಕಪ್ಪು ಹೊಗೆ ಕಾರುತ್ತ ಬಂತು. ಪ್ಲಗ್ಗಿಗೆ ಮತ್ತೆ ಗಡಿಗೆಯ ಮಸಿ.

"ಪೆಟ್ರೋಲ ಅದ, ಜೆಟ್ ಅದ," ಎಂದಳು ಅತ್ತೆ. "ಎಂಜಿನ್ನಿಗೆ ಎಷ್ಟು ಗಾಳಿಯೋ ಅದಕ್ಕ ತಕ್ಕಷ್ಟ ಎಣ್ಣಿ ಬೇಕು. ಬಾಯಿ ತಗದು ಉಸಿರಾಡಿದ್ರ ಹೆಚ್ಚಿನ ಎಣ್ಣಿ, ಮುಚ್ಚಿದ್ರ ಕಡಿಮಿ. ಮಾಳಪ್ಪ ದೊಡ್ಡ ಜೆಟ್ ಹಾಕಿದ್ದು ತಗದ ಬಾಯಿಗೆ. ಬಾಯಿ ಮುಚ್ಚಿದ್ರ ಆ ಎಣ್ಣಿ ಹೆಚ್ಚಾಗಿ, ಪೂರಾ ಸುಡದ ಮಸಿ ಹಿಡೀತೈತಿ. ಶಂಕ್ರೆಪ್ಪ ನಿನ್ನೆ ಸಿರಸಂಗಿಮಟ ಹಂಗ ಹೋಗಿ ಬಂದಿದ್ರ ಪ್ಲಗ್ಗು ಕಡಲಿ ಬಣ್ಣ ಇರಬೇಕಿತ್ತು. ಮಸಿ ಯಾಕ ಬಂತು? ಬಾಯಿ ಮುಚ್ಚಿಕೊಂಡು ಓಡಿಸ್ಯಾನ. ದಸರಾದಿಂದ ಗೂಟಕ್ಕ ತೂಗಿದ ಸೈಲೆನ್ಸರಿನಾಗ ಹಸಿ ಮಸಿ ಐತಿ, ನಮ್ಮ ಬಸವಣ್ಣೆಪ್ಪನ ಬೆರಳಿಗೂ ಹತ್ತೈತಿ."

"ಯಾಕ ಮುಚ್ಚಬೇಕಿತ್ತು?" ಎಂದರು ಫೌಜದಾರರು.

"ಊರು ಕೇಳೂಹಂಗ ಹೋಗಿ, ಊರು ಕೇಳದಂಗ ಬರಾಕರಿ. ಸೈಲೆನ್ಸರ, ಟೊಪಗಿ ಜೋಡಿ ಒಯ್ದು, ಊರ ಹೊರಗ ಎರಡನ್ನೂ ಕುಂದ್ರಿಸಿ ಹೊಲದ ಚಕ್ಕಡಿ ದಾರೀಲೆ ಜಿನ್ನಿನ ಹಿತ್ತಲಕ್ಕ ಬಂದ. ನಡಕೋತ ಬಂದಿದ್ರ ಎಲ್ಲಿಗೆ ಹೊಂಟೀರಿ ಅಂತ ದಾರಿ ತುಂಬ ಕೇಳತಿದ್ರು, ಬೆಂಕಿ ಹಚ್ಚಿ ದೂರ ಹೋಗಾಕೂ ಆಗತಿದ್ದಿಲ್ಲ. ಜಿನ್ನಿನ ಎಂಜಿನ್ ನಡದಿತ್ತು, ಅದರಾಗ ಈ ಗೊರಕಿ ಯಾರಿಗೆ ಕೇಳಬೇಕು? ಮಾಳಪ್ಪನ ಡಬ್ಬಿ ಹಿತ್ತಲದಾಗ ಇರತೈತಿ ಅಂತ ಕಾರಭಾರ ಮಾಡಿದಾಂವಗ ಗೊತ್ತು. ಕೆಲಸ ಮುಗಿಸಿ, ಸವದತ್ತಿ ರಸ್ತೆ ಹಿಡದು, ಎರಡನ್ನೂ ಕಿತ್ತು ಗುಡುಗಿಸಿಕೋತ ಬಂದ. ಮನಿಮಟ ಆ ಒಂದೀಟು ದಾರಿಗೆ ಪ್ಲಗ್ಗಿನ ಮಸಿ ಹೋಗಲಿಲ್ಲ."

"ಇದೆಲ್ಲ ಊಹಾ!" ಎಂದು ಶಂಕ್ರೆಪ್ಪ ಎದ್ದು ನಿಂತ.

ಅತ್ತೆ ಟೊಪಗಿಯ ಹೊರಗಿನ ಕಂಬಳಿ ಬಿಚ್ಚಿದಳು. ಒಳಪದರದ ಎಣ್ಣೆಗೆ ಅರೆಸುಟ್ಟ ಅರಳೆಯ ಎಳೆಗಳು ಅಂಟಿಕೊಂಡಿದ್ದವು.

"ಧೂಳಿನ ಟೊಪಗಿ ಸಿಕ್ಕಿದ್ದನ್ನ ಬಿಡೂದಿಲ್ಲ. ಗೂಟದಿಂದ ಇಳಿಸಿದಾಗನ ಹೊಗಿ ನಾತ ಹೊಡೀತಿತ್ತು. ಇದು ಆ ಬೆಂಕಿ ಹತ್ರ ಉಸಿರಾಡೈತಿ. ನಿಮ್ಮ ಮನಿ ಗೂಟಕ್ಕೇನು ಅರಳಿ ಬೆಂಕಿ ಹತ್ತಿತ್ತೇನೊ?"

ಶಂಕ್ರೆಪ್ಪ ಸಾವಕಾರರ ಕಡೆ ತಿರುಗಿ ಚೀರಿದ. "ಹೂಂ, ಹಚ್ಚೇನಿ! ನನ್ನ ಕೀಲಿಕೈ ಕಸದು ಈ ಎಣ್ಣಿ ಧೋತರದಾಂವಗ ಕೊಟ್ರಿ. ನಾ ಸುಮ್ನ ಕುಂದ್ರಬೇಕಿತ್ತೇನು?"

ಅಂದಾನೆಪ್ಪ ಸಾವಕಾರರು ತಡಬಡಿಸಿ ಎದ್ದರು. "ಸುಂದರವ್ವ, ಇದು ಮನಿ ಮಾತು. ಮನ್ಯಾಗ ಮುಗಸೂಣು."

"ಮಾಳಪ್ಪ ಹಚ್ಯಾನ ಅಂದಾಗ ಪೊಲೀಸ್ ಮಾತಾಗಿತ್ತು, ಸಾವಕಾರ್ರ. ಈಗ ಮನಿ ಮಾತಾತೇನು? ಫೌಜದಾರ್ರ, ಬೇಡಿ ಖಾಲಿ ಐತಿ."

ಫೌಜದಾರರು ಒಮ್ಮೆ ಸಾವಕಾರರ ಮುಖ ನೋಡಿದರು, ಒಮ್ಮೆ ಸುತ್ತ ಎದ್ದು ನಿಂತಿದ್ದ ಹೆಂಗಸರನ್ನು ನೋಡಿದರು. ಬೇಡಿ ಶಂಕ್ರೆಪ್ಪನ ಕೈಗೆ ಬಿತ್ತು.

ಅವನನ್ನು ಕರೆದೊಯ್ದ ಮೇಲೆ ಸಾವಕಾರರು ಕೀಲಿಕೈ ಗೊಂಚಲನ್ನು ಮಾಳಪ್ಪನ ಮುಂದೆ ಹಿಡಿದರು. "ಆದದ್ದಾತು. ನಾಳಿಂದ ಜಿನ್ನ ಸುರು ಮಾಡಪಾ."

ಮಾಳಪ್ಪ ಕೈ ಚಾಚಲಿಲ್ಲ. "ಜಾಳಿಗಿ?" ಎಂದ.

"ಸುಗ್ಗಿ ಮುಗೀಲಿ ಅಂತ ಹೇಳೇನಲ್ಲ."

ಮರೆವ್ವ ನಡುವೆ ಬಂದಳು. ಉಳಿದ ಮೂರು ಬೆರಳಿನಿಂದ ಗೊಂಚಲನ್ನು ಕಿತ್ತುಕೊಂಡು ಸೊಂಟಕ್ಕೆ ಸಿಗಿಸಿದಳು.

"ಕಮ್ಮಾರನ್ನ ಕರಸ್ರಿ," ಎಂದಳು. "ಜಾಳಿಗಿ ಹಾಕಿದ ದಿನ ನಾನ ಬಂದು ಬಾಗಲಾ ತಗೀತೇನಿ."

ಹೆಂಗಸರೆಲ್ಲ ಅವಳ ಹಿಂದೆ ಹೊರಟರು. ನಾಲ್ಕನೆಯ ದಿನ ಜಿನ್ನಿನ ಅಂಗಳದಿಂದ ಕಮ್ಮಾರನ ಸುತ್ತಿಗೆಯ ಸಪ್ಪಳ ಕೇಳಿತು.